ಮದ್ಯವ್ಯಸನ: ಕಾಯಿಲೆ, ಮನಸ್ಸು ಮತ್ತು ಚೇತರಿಕೆ

ಪದದ ಎರಡು ಅರ್ಥಗಳು

ಕನ್ನಡದಲ್ಲಿ ‘ವ್ಯಸನ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ದುಃಖ ಎಂಬುದು ಒಂದು, ಬಿಡಲಾಗದ ಚಟ ಎಂಬುದು ಇನ್ನೊಂದು. ‘ವ್ಯಸನಪಟ್ಟರು’ ಎಂದರೆ ಕೊರಗಿದರು ಎಂದು ತಿಳಿಯುತ್ತೇವೆ. ‘ವ್ಯಸನಿ’ ಎಂದರೆ ಚಟಕ್ಕೆ ಸಿಕ್ಕಿಬಿದ್ದವನು ಎಂದು ತಿಳಿಯುತ್ತೇವೆ. ಕೌಟಿಲ್ಯನ ಅರ್ಥಶಾಸ್ತ್ರವು ರಾಜ್ಯಕ್ಕೆ ಒದಗುವ ವಿಪತ್ತನ್ನೂ ವ್ಯಸನವೆಂದೇ ಕರೆಯುತ್ತದೆ. ಬೇಟೆ, ಜೂಜು, ಮದ್ಯಪಾನಗಳನ್ನೂ ಅದೇ ಹೆಸರಿನಡಿ ಎಣಿಸುತ್ತದೆ. ಚಟವೂ ಸಂಕಟವೂ ಒಂದೇ ಪದದೊಳಗೆ ಕೂಡಿಕೊಂಡದ್ದು ಭಾಷೆಯ ಆಕಸ್ಮಿಕವಿರಬಹುದು. ಆದರೆ ಇಂದಿನ ಮನೋವೈದ್ಯಶಾಸ್ತ್ರ ಹೇಳುವುದು ಈ ಪದ ಹೇಳುವುದಕ್ಕಿಂತ ಬಹಳ ದೂರವಿಲ್ಲ. ವ್ಯಸನಿಯ ಕುಡಿತವನ್ನು ಅವನ ಮನಸ್ಸಿನ ನೋವಿನಿಂದ ಬೇರ್ಪಡಿಸಿ ನೋಡಿದ ಚಿಕಿತ್ಸೆ ಹೆಚ್ಚು ದಿನ ನಿಲ್ಲುವುದಿಲ್ಲ.

ವ್ಯಸನಗಳು ಹಲವು. ಈ ಲೇಖನ ಮದ್ಯವನ್ನು ಮುಖ್ಯ ಉದಾಹರಣೆಯಾಗಿ ತೆಗೆದುಕೊಳ್ಳುತ್ತದೆ, ಏಕೆಂದರೆ ತಂಬಾಕನ್ನು ಬಿಟ್ಟರೆ ಭಾರತದಲ್ಲಿ ಅತಿ ಹೆಚ್ಚು ಜನ ಬಳಸುವ ಮಾದಕವಸ್ತು ಅದೇ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷ ವಯಸ್ಸಿನವರಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ ಅವಲಂಬನೆಯ ಹಂತ ತಲುಪಿದವರು ಸುಮಾರು 2.9 ಕೋಟಿ. ಅದೇ ಸಮೀಕ್ಷೆಯ ಇನ್ನೊಂದು ಅಂಕಿ ಇದಕ್ಕಿಂತ ಕಳವಳಕಾರಿಯಾಗಿದೆ: ಮದ್ಯಾವಲಂಬನೆ ಇರುವ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ರೀತಿಯ ಚಿಕಿತ್ಸೆ ದೊರೆತಿತ್ತು.

ಕುಡಿತ ಯಾವಾಗ ಕಾಯಿಲೆಯಾಗುತ್ತದೆ

ಕುಡಿಯುವವರೆಲ್ಲರೂ ವ್ಯಸನಿಗಳಲ್ಲ. ಪ್ರಮಾಣವೊಂದರಿಂದಲೇ ವ್ಯಸನವನ್ನು ಅಳೆಯುವುದಿಲ್ಲವಾದರೂ ಪ್ರಮಾಣ ತಿಳಿದಿರುವುದು ಒಳ್ಳೆಯದು. ವೈದ್ಯರು 10 ಗ್ರಾಂ ಶುದ್ಧ ಆಲ್ಕೋಹಾಲನ್ನು ಒಂದು ಘಟಕವೆಂದು ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ ಮಾರಾಟವಾಗುವ ವಿಸ್ಕಿ, ಬ್ರಾಂದಿ, ರಮ್‌ಗಳಲ್ಲಿ ಆಲ್ಕೋಹಾಲಿನ ಪ್ರಮಾಣ ಸಾಮಾನ್ಯವಾಗಿ ಶೇ 42.8. ಆದ್ದರಿಂದ 30 ಮಿ.ಲೀ.ನ ಒಂದು ಪೆಗ್ ಎಂದರೆ ಒಂದು ಘಟಕ. ಕೂಲಿ ಮುಗಿಸಿ ಹೋಗುವಾಗ ಕೊಳ್ಳುವ ‘ನೈಂಟಿ’ ಮೂರು ಘಟಕ. ಕ್ವಾರ್ಟರ್ ಆರು ಘಟಕ. ‘ಬಿಯರ್ ಅಷ್ಟೇ’ ಎಂದು ಹಗುರವಾಗಿ ಹೇಳುವ 650 ಮಿ.ಲೀ.ನ ಒಂದು ಸ್ಟ್ರಾಂಗ್ ಬಾಟಲಿಯಲ್ಲಿ ಸುಮಾರು ನಾಲ್ಕು ಘಟಕಗಳಿರುತ್ತವೆ. ಆರೋಗ್ಯಕ್ಕೆ ಸಂಪೂರ್ಣ ಸುರಕ್ಷಿತವಾದ ಮದ್ಯದ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ.

ಅವಲಂಬನೆ ಎಂಬ ರೋಗನಿರ್ಣಯಕ್ಕೆ ವೈದ್ಯರು ಬಹುಕಾಲದಿಂದ ಆರು ಗುರುತುಗಳನ್ನು ಬಳಸುತ್ತ ಬಂದಿದ್ದಾರೆ. ಕುಡಿಯಬೇಕೆಂಬ ತಡೆಯಲಾರದ ತುಡಿತ ಮೊದಲನೆಯದು. ಒಂದೇ ಪೆಗ್ ಎಂದು ಕುಳಿತವರಿಗೆ ಅಲ್ಲಿಗೆ ನಿಲ್ಲಿಸಲಾಗದಿರುವುದು ಎರಡನೆಯದು. ಮೊದಲಿನಷ್ಟೇ ಮತ್ತು ಬರಲು ಹೆಚ್ಚು ಹೆಚ್ಚು ಕುಡಿಯಬೇಕಾಗುವುದು, ಕುಡಿಯದಿದ್ದರೆ ಕೈನಡುಕ, ಬೆವರು, ನಿದ್ರಾಹೀನತೆ ಕಾಣಿಸಿಕೊಳ್ಳುವುದು, ಕೆಲಸವೂ ನೆಂಟಸ್ತಿಕೆಯೂ ಹಿಂದೆ ಸರಿದು ದಿನವೆಲ್ಲ ಕುಡಿತದ ಸುತ್ತಲೇ ತಿರುಗುವುದು, ಯಕೃತ್ತು ಕೆಟ್ಟಿದೆ ಎಂದು ವೈದ್ಯರು ಹೇಳಿದ ಮೇಲೂ ಕುಡಿಯುವುದು ಉಳಿದವು. ಒಂದು ವರ್ಷದ ಅವಧಿಯಲ್ಲಿ ಇವುಗಳಲ್ಲಿ ಮೂರು ಒಟ್ಟಿಗೆ ಕಂಡುಬಂದರೆ ಅದು ಅವಲಂಬನೆ. ಬೆಳಿಗ್ಗೆ ಎದ್ದೊಡನೆ ಕೈನಡುಕ ನಿಲ್ಲಿಸಲೆಂದೇ ಕುಡಿಯುವ ವ್ಯಕ್ತಿ ಮೋಜಿನ ಘಟ್ಟವನ್ನು ದಾಟಿ ಬಹಳ ಮುಂದೆ ಹೋಗಿರುತ್ತಾನೆ. ಅವನಿಗೆ ಮದ್ಯ ಈಗ ಸುಖ ಕೊಡುವುದಿಲ್ಲ, ನೋವನ್ನು ಕೆಲವು ತಾಸು ಮುಂದೂಡುತ್ತದೆ.

ಮಿದುಳಿನಲ್ಲಿ ನಡೆಯುವುದೇನು

1954ರಲ್ಲಿ ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮಿದುಳಿನ ಒಳಭಾಗಕ್ಕೆ ಸೂಕ್ಷ್ಮ ತಂತಿಗಳನ್ನು ಸೇರಿಸಿದರು. ಸನ್ನೆಯೊಂದನ್ನು ಒತ್ತಿದರೆ ಆ ಭಾಗಕ್ಕೆ ಸಣ್ಣ ವಿದ್ಯುತ್ ಹರಿಯುವಂತೆ ಮಾಡಿದರು. ಇಲಿಗಳು ಆ ಸನ್ನೆಯನ್ನು ಬಿಡದೆ ಮತ್ತೆ ಮತ್ತೆ ಒತ್ತತೊಡಗಿದವು. ಆ ಪ್ರಯೋಗದಿಂದ ಬೆಳಕಿಗೆ ಬಂದ ನರಮಾರ್ಗವನ್ನು ಇಂದು ಪ್ರತಿಫಲ ವ್ಯವಸ್ಥೆ ಎನ್ನುತ್ತಾರೆ. ಊಟ, ಸ್ನೇಹ, ಮೆಚ್ಚುಗೆ ದೊರೆತಾಗ ಅಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ‘ಇದು ಮುಖ್ಯ, ಮತ್ತೆ ಮಾಡು’ ಎಂದು ಕಲಿಸುವುದು ಅದರ ಕೆಲಸ. ಮದ್ಯ, ಅಫೀಮು, ನಿಕೋಟಿನ್ ಮುಂತಾದವು ಬೇರೆ ಬೇರೆ ದಾರಿಯಿಂದ ಬಂದು ಇದೇ ವ್ಯವಸ್ಥೆಯನ್ನು ಸಹಜಕ್ಕಿಂತ ಹೆಚ್ಚು ಪ್ರಚೋದಿಸುತ್ತವೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ವುಲ್ಫ್ರಾಮ್ ಶುಲ್ಜ್ ಮಂಗಗಳ ಮೇಲೆ ನಡೆಸಿದ ಅಧ್ಯಯನಗಳಲ್ಲಿ, ಮೊದಲು ಹಣ್ಣಿನ ರಸ ನಾಲಿಗೆಗೆ ಬಿದ್ದಾಗ ಪ್ರತಿಕ್ರಿಯಿಸುತ್ತಿದ್ದ ಡೋಪಮೈನ್ ಕೋಶಗಳು, ಕೆಲಕಾಲದ ನಂತರ ರಸ ಬರುವುದನ್ನು ಸೂಚಿಸುವ ದೀಪ ಕಂಡೊಡನೆ ಪ್ರತಿಕ್ರಿಯಿಸತೊಡಗಿದವು. ಮಿದುಳು ಸುಖದ ಮುನ್ಸೂಚನೆಯನ್ನೇ ಕಲಿತುಕೊಂಡಿತ್ತು. ಮದ್ಯವ್ಯಸನಿಯ ವಿಷಯದಲ್ಲಿ ಆ ದೀಪ ಸಂಜೆ ಆರು ಗಂಟೆಯಾಗಿರಬಹುದು, ಬಸ್ ನಿಲ್ದಾಣದ ಪಕ್ಕದ ಬಾರಿನ ಬೋರ್ಡು ಆಗಿರಬಹುದು, ಕೈಗೆ ಬಂದ ವಾರದ ಬಟವಾಡೆ ಆಗಿರಬಹುದು. ಆರು ತಿಂಗಳು ಕುಡಿಯದೆ ಇದ್ದ ವ್ಯಕ್ತಿ ಆ ರಸ್ತೆಯಲ್ಲಿ ಹಾದುಹೋಗುವಾಗ ಬಾಯಾರಿದಂತಾಗಿ ತಡವರಿಸುವುದು ಈ ಕಲಿಕೆಯ ಫಲ. ಮುಂದಾಲೋಚನೆ ಮತ್ತು ಸಂಯಮದ ಕೇಂದ್ರವಾದ ಮಿದುಳಿನ ಮುಂಭಾಗ ದೀರ್ಘಕಾಲದ ಕುಡಿತದಿಂದ ದುರ್ಬಲವಾಗಿರುತ್ತದೆ. ಒಂದೆಡೆ ಎಳೆತ ಹೆಚ್ಚುತ್ತದೆ, ಇನ್ನೊಂದೆಡೆ ಹಿಡಿತ ತಗ್ಗುತ್ತದೆ. ‘ಮನಸ್ಸು ಮಾಡಿದರೆ ಬಿಡಬಹುದಿತ್ತು’ ಎನ್ನುವವರು ಮರೆಯುವ ಸಂಗತಿ ಇದು: ಮನಸ್ಸು ಮಾಡುವ ಅಂಗಕ್ಕೇ ಪೆಟ್ಟು ಬಿದ್ದಿರುತ್ತದೆ.

ಎಲ್ಲರಿಗೂ ಈ ಅಪಾಯ ಸಮಾನವಲ್ಲ. ಅವಳಿ ಮಕ್ಕಳ ಮತ್ತು ದತ್ತು ಮಕ್ಕಳ ಅಧ್ಯಯನಗಳ ಪ್ರಕಾರ ಮದ್ಯವ್ಯಸನಕ್ಕೆ ಈಡಾಗುವ ಸಾಧ್ಯತೆಯ ಅರ್ಧದಷ್ಟು ಭಾಗ ಆನುವಂಶಿಕ. ಹದಿಹರೆಯದಲ್ಲಿ ಕುಡಿತ ಆರಂಭಿಸಿದವರಿಗೆ ಅಪಾಯ ಹೆಚ್ಚು, ಏಕೆಂದರೆ ಮಿದುಳಿನ ಮುಂಭಾಗ ಪೂರ್ಣವಾಗಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ.

ಮನೋರೋಗ ಮೊದಲೋ, ಕುಡಿತ ಮೊದಲೋ

ಖಿನ್ನತೆ, ಆತಂಕ, ಉನ್ಮಾದ, ಬಾಲ್ಯದ ಆಘಾತ ಇವುಗಳಲ್ಲಿ ಒಂದಾದರೂ ವ್ಯಸನದೊಂದಿಗೆ ಕೂಡಿಕೊಂಡಿರುವುದು ಸಾಮಾನ್ಯ. ನಾಲ್ಕು ಜನರೆದುರು ಮಾತನಾಡಲು ಅಂಜುವ ಯುವಕನಿಗೆ ಮೊದಲ ಪೆಗ್ ಧೈರ್ಯದಂತೆ ಕಾಣುತ್ತದೆ. ನಿದ್ರೆ ಬಾರದವರಿಗೆ ಅದು ನಿದ್ರೆಯಂತೆ ಕಾಣುತ್ತದೆ. ವಾಸ್ತವದಲ್ಲಿ ಮದ್ಯ ನಿದ್ರೆಯನ್ನು ಬೇಗ ತಂದರೂ ರಾತ್ರಿಯ ಎರಡನೆಯ ಅರ್ಧದಲ್ಲಿ ಅದನ್ನು ಒಡೆಯುತ್ತದೆ; ಮರುದಿನದ ಆತಂಕ ಹಿಂದಿನ ದಿನದ್ದಕ್ಕಿಂತ ಹೆಚ್ಚಿರುತ್ತದೆ. ಹೀಗೆ ನೋವಿಗಾಗಿ ಕುಡಿದದ್ದು ನೋವನ್ನು ಬೆಳೆಸುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನಿಂದ ಬರುವವರೂ ಇದ್ದಾರೆ. ಮೊದಲು ಯಾವ ಮನೋರೋಗವೂ ಇರದೆ, ವರ್ಷಗಟ್ಟಲೆ ಕುಡಿದ ಮೇಲೆ ಖಿನ್ನತೆಗೆ ಒಳಗಾದವರು ಇವರು. ಎರಡನ್ನೂ ಬೇರ್ಪಡಿಸಲು ವೈದ್ಯರು ಹಲವು ವೇಳೆ ಎರಡರಿಂದ ನಾಲ್ಕು ವಾರ ಮದ್ಯವಿಲ್ಲದ ಸ್ಥಿತಿಯಲ್ಲಿ ರೋಗಿಯನ್ನು ಗಮನಿಸುತ್ತಾರೆ. ಮದ್ಯದಿಂದ ಬಂದ ಖಿನ್ನತೆ ಆ ಅವಧಿಯಲ್ಲಿ ಬಹುಮಟ್ಟಿಗೆ ಕರಗುತ್ತದೆ. ಉಳಿದುಕೊಂಡ ಖಿನ್ನತೆಗೆ ಪ್ರತ್ಯೇಕ ಚಿಕಿತ್ಸೆ ಬೇಕು. ಆತ್ಮಹತ್ಯೆಯ ಆಲೋಚನೆ ಇರುವವರ ವಿಷಯದಲ್ಲಿ ಹೀಗೆ ಕಾದು ನೋಡುವಂತಿಲ್ಲ. ಖಿನ್ನತೆಯೂ ಮದ್ಯದ ಮತ್ತೂ ಕೂಡಿದ ಗಳಿಗೆ ಅತ್ಯಂತ ಅಪಾಯಕಾರಿ, ಏಕೆಂದರೆ ಕ್ಷಣದ ಆವೇಗವನ್ನು ತಡೆಯುವ ವಿವೇಕವನ್ನು ಮದ್ಯ ಮೊದಲೇ ಕಿತ್ತುಕೊಂಡಿರುತ್ತದೆ. ‘ಸಾಯುತ್ತೇನೆ ಎಂದು ಕುಡಿದು ಹೇಳುತ್ತಾನೆ ಅಷ್ಟೇ’ ಎಂದು ಅದನ್ನು ತಳ್ಳಿಹಾಕಬಾರದು.

ಬಿಟ್ಟ ಮೊದಲ ನಾಲ್ಕು ದಿನ

ಮದ್ಯ ಮಿದುಳಿನ ಚಟುವಟಿಕೆಯನ್ನು ತಗ್ಗಿಸುವ ವಸ್ತು. ಶಮನಗೊಳಿಸುವ ಗಾಬಾ ಎಂಬ ರಾಸಾಯನಿಕದ ಪ್ರಭಾವವನ್ನು ಅದು ಹೆಚ್ಚಿಸುತ್ತದೆ, ಉದ್ದೀಪಿಸುವ ಗ್ಲುಟಮೇಟ್‌ನ ಪ್ರಭಾವವನ್ನು ತಡೆಯುತ್ತದೆ. ನಿತ್ಯ ಕುಡಿಯುವವರ ಮಿದುಳು ಇದಕ್ಕೆ ಪ್ರತಿಯಾಗಿ ತನ್ನ ಉದ್ದೀಪನವನ್ನು ಏರಿಸಿಕೊಂಡು ಸಮತೋಲ ಕಾಯ್ದುಕೊಂಡಿರುತ್ತದೆ. ಕುಡಿತ ಥಟ್ಟನೆ ನಿಂತರೆ ತಗ್ಗಿಸುವ ಭಾರ ಇಲ್ಲವಾಗಿ, ಏರಿಸಿಟ್ಟ ಉದ್ದೀಪನ ಮಾತ್ರ ಉಳಿಯುತ್ತದೆ. ಕೊನೆಯ ಬಾರಿ ಕುಡಿದ ಆರರಿಂದ ಇಪ್ಪತ್ನಾಲ್ಕು ಗಂಟೆಗಳಲ್ಲಿ ನಡುಕ, ಬೆವರು, ಎದೆಬಡಿತ, ವಾಕರಿಕೆ ಆರಂಭವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಅಪಸ್ಮಾರದಂತಹ ಸೆಳವು, ಅಂದರೆ ಜನ ‘ಫಿಟ್ಸ್’ ಎನ್ನುವುದು, ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಡೆಲಿರಿಯಂ ಟ್ರೆಮೆನ್ಸ್ ಎಂಬ ತೀವ್ರ ಸ್ಥಿತಿ ಬರಬಹುದು. ಅದಕ್ಕೆ ಚಿಕಿತ್ಸೆ ಸಿಗದಿದ್ದರೆ ಪ್ರಾಣವೂ ಹೋಗಬಹುದು.

ಈ ಸ್ಥಿತಿಯನ್ನು ಗುರುತಿಸಲಾಗದೆ ನಮ್ಮಲ್ಲಿ ಆಗುವ ಅನಾಹುತ ಸಣ್ಣದಲ್ಲ. ಕಾಲು ಮುರಿದು ಆಸ್ಪತ್ರೆ ಸೇರಿದ ವ್ಯಕ್ತಿ ಮೂರನೆಯ ರಾತ್ರಿ ಗೋಡೆಯ ಮೇಲೆ ಹುಳುಗಳಿವೆ ಎನ್ನುತ್ತಾನೆ, ಇಲ್ಲದವರೊಡನೆ ಮಾತನಾಡುತ್ತಾನೆ, ಹಾಸಿಗೆಯಿಂದ ಎದ್ದು ಓಡಲು ನೋಡುತ್ತಾನೆ. ಗಾಳಿ ಸೋಕಿದೆ ಎಂದು ಮನೆಯವರು ಹೆದರುತ್ತಾರೆ. ಅವನು ನಿತ್ಯ ಕುಡಿಯುತ್ತಿದ್ದ ಎಂಬ ಮಾತನ್ನು ನಾಚಿಕೆಯಿಂದ ವೈದ್ಯರಿಗೆ ಯಾರೂ ಹೇಳಿರುವುದಿಲ್ಲ. ಆ ಒಂದು ಮಾತು ಮೊದಲೇ ತಿಳಿದಿದ್ದರೆ ಚಿಕಿತ್ಸೆ ಮೊದಲ ದಿನವೇ ಆರಂಭವಾಗುತ್ತಿತ್ತು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಜಾರಿಯಾಗಿ ಕರ್ನಾಟಕದ ಮದ್ಯದಂಗಡಿಗಳು ಮೇ 4ರವರೆಗೆ ಮುಚ್ಚಿದ್ದಾಗ, ಬೆಂಗಳೂರಿನ ಆಸ್ಪತ್ರೆಗಳಿಗೆ ಇಂತಹ ತೀವ್ರ ಲಕ್ಷಣಗಳೊಂದಿಗೆ ಬಂದವರ ಸಂಖ್ಯೆ ಏರಿತು.

ಅಯ್ಯಪ್ಪನ ಮಾಲೆ ಧರಿಸಿ ಮಂಡಲಕಾಲವೆಲ್ಲ ಕುಡಿಯದೆ ಇರುವವರನ್ನು ಎಲ್ಲ ಊರುಗಳಲ್ಲಿಯೂ ಕಾಣಬಹುದು. ಮಾಲೆ ತೆಗೆದ ಮೇಲೆ ಅವರಲ್ಲಿ ಹಲವರು ಮತ್ತೆ ಕುಡಿಯುತ್ತಾರೆ ಎಂಬುದು ನಿಜ. ಆದರೆ ವ್ರತದ ಚೌಕಟ್ಟು, ಜೊತೆಗಾರರು, ದಿನಚರಿ ಇವು ಇದ್ದಾಗ ಬಿಡಲು ಸಾಧ್ಯ ಎಂಬುದಕ್ಕೂ ಅದು ಪುರಾವೆ. ದಿನವೂ ಬೆಳಿಗ್ಗೆಯಿಂದಲೇ ಕುಡಿಯುವ ವ್ಯಕ್ತಿ, ಹಿಂದೆ ಬಿಟ್ಟಾಗ ಸೆಳವು ಬಂದಿದ್ದ ವ್ಯಕ್ತಿ ಮಾತ್ರ ವೈದ್ಯರ ಸಲಹೆ ಇಲ್ಲದೆ ಒಮ್ಮೆಲೇ ನಿಲ್ಲಿಸಬಾರದು. ಆಸ್ಪತ್ರೆಯಲ್ಲಿ ಕ್ಲೋರ್ಡಯಾಜೆಪಾಕ್ಸೈಡ್ ಅಥವಾ ಲೋರಾಜೆಪಾಮ್‌ನಂತಹ ಔಷಧಿಗಳನ್ನು ಕೊಟ್ಟು, ಕೆಲವು ದಿನಗಳಲ್ಲಿ ಹಂತಹಂತವಾಗಿ ತಗ್ಗಿಸುತ್ತಾರೆ. ಅದರೊಂದಿಗೆ ಥಯಾಮಿನ್ ಎಂಬ ಬಿ1 ಜೀವಸತ್ವವನ್ನು ಕೊಡುವುದು ಅತ್ಯಗತ್ಯ. ಕುಡಿಯುವವರಲ್ಲಿ ಅದರ ಕೊರತೆ ಸಾಮಾನ್ಯ. ಕೊರತೆ ಮಿತಿಮೀರಿದರೆ ಮಿದುಳಿಗೆ ಹಾನಿಯಾಗಿ ನೆನಪಿನ ಶಕ್ತಿ ಶಾಶ್ವತವಾಗಿ ಕುಂದಬಹುದು.

ಔಷಧಿಗಳು ಮತ್ತು ಒಂದು ಎಚ್ಚರಿಕೆ

ನಡುಕ ನಿಂತ ಮೇಲೆ ಮತ್ತೆ ಕುಡಿಯದಂತೆ ನೆರವಾಗುವ ಔಷಧಿಗಳು ಬೇರೆ. ನಾಲ್ಟ್ರೆಕ್ಸೋನ್ ಮದ್ಯದಿಂದ ಸಿಗುವ ಸುಖವನ್ನು ಮಂಕಾಗಿಸುತ್ತದೆ. ಅಕಾಂಪ್ರೊಸೇಟ್ ಕುಡಿತ ಬಿಟ್ಟವರ ಮಿದುಳಿನ ಸಮತೋಲಕ್ಕೆ ಒತ್ತಾಸೆಯಾಗುತ್ತದೆ. ಎರಡನ್ನೂ ತಿಂಗಳುಗಟ್ಟಲೆ, ಯಕೃತ್ತು ಮತ್ತು ಮೂತ್ರಪಿಂಡಗಳ ಸ್ಥಿತಿಯನ್ನು ನೋಡಿಕೊಂಡು ಕೊಡುತ್ತಾರೆ.

ಮೂರನೆಯದು ಡೈಸಲ್ಫಿರಾಮ್. ಡೆನ್ಮಾರ್ಕಿನ ಸಂಶೋಧಕರಾದ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೊಬ್ಸೆನ್ ಜಂತುಹುಳುಗಳಿಗೆ ಔಷಧಿ ಹುಡುಕುತ್ತ ಈ ಮಾತ್ರೆಯನ್ನು ತಾವೇ ಸೇವಿಸಿ ನೋಡಿದ್ದರು. ಅದರ ನಂತರ ಮದ್ಯ ಕುಡಿದಾಗ ಇಬ್ಬರೂ ಅಸ್ವಸ್ಥರಾದರು. ಮದ್ಯ ದೇಹದಲ್ಲಿ ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಅನಂತರ ನಿರಪಾಯಕಾರಿ ವಸ್ತುವಾಗಿ ಮಾರ್ಪಡುತ್ತದೆ. ಡೈಸಲ್ಫಿರಾಮ್ ಎರಡನೆಯ ಹಂತವನ್ನು ತಡೆಯುವುದರಿಂದ ವಿಷ ಶೇಖರವಾಗಿ ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಕುಡಿದರೆ ಹೀಗಾಗುತ್ತದೆ ಎಂದು ಅರಿತು, ಸ್ವಇಚ್ಛೆಯಿಂದ ಸೇವಿಸುವವರಿಗೆ ಈ ಮಾತ್ರೆ ಒಳ್ಳೆಯ ಬೇಲಿ. ಅರಿಯದವರಿಗೆ ಅದು ಅಪಾಯ. ‘ರೋಗಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ’ ಎಂಬ ಜಾಹೀರಾತು ನೋಡಿ ಸಾರಿಗೆ, ಕಾಫಿಗೆ ಪುಡಿ ಬೆರೆಸುವ ಹೆಂಡತಿಯೋ ತಾಯಿಯೋ ಸಾಲದ ಹೊರೆಯಿಂದ, ಹೊಡೆತದ ಭಯದಿಂದ ಹಾಗೆ ಮಾಡುತ್ತಾರೆ. ಅವರ ದಿಕ್ಕುಗಾಣದ ಸ್ಥಿತಿಯನ್ನು ಹಳಿಯುವಂತಿಲ್ಲ. ಆದರೆ ಆ ಪುಡಿಯಲ್ಲಿ ಏನಿದೆ ಎಂದು ಅವರಿಗೂ ತಿಳಿದಿರುವುದಿಲ್ಲ. ಅದರಲ್ಲಿ ಡೈಸಲ್ಫಿರಾಮ್ ಇದ್ದು, ಆ ವ್ಯಕ್ತಿಗೆ ಹೃದ್ರೋಗವೂ ಇದ್ದರೆ, ಅಂದಿನ ಕುಡಿತವೇ ಮರಣಕ್ಕೆ ಕಾರಣವಾಗಬಹುದು. ಮಾತ್ರೆಯ ಪರಿಣಾಮ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಇರುತ್ತದೆ.

ಮರುಕಳಿಕೆ ಮತ್ತು ಚೇತರಿಕೆ

ದೇಹದಿಂದ ಮದ್ಯ ಹೊರಹೋಗಲು ವಾರ ಸಾಕು. ಮಿದುಳು ಕಲಿತದ್ದನ್ನು ಮರೆಯಲು ವರ್ಷಗಳು ಬೇಕು. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನವೇ ಕಾಯಿಲೆ ಮುಗಿಯಿತೆಂದು ತಿಳಿಯುವ ಕುಟುಂಬಕ್ಕೆ ಮೂರನೆಯ ತಿಂಗಳ ಮರುಕಳಿಕೆ ದೊಡ್ಡ ಆಘಾತವಾಗುವುದು ಈ ವ್ಯತ್ಯಾಸ ತಿಳಿಯದ್ದರಿಂದ. ಚಿಕಿತ್ಸೆ ಪಡೆದವರಲ್ಲಿ ಶೇ 40ರಿಂದ 60ರಷ್ಟು ಮಂದಿ ಒಂದು ವರ್ಷದೊಳಗೆ ಮತ್ತೆ ಮಾದಕವಸ್ತು ಬಳಸುತ್ತಾರೆ ಎಂದು ಅಧ್ಯಯನಗಳು ಹೇಳುತ್ತವೆ. ರಕ್ತದೊತ್ತಡ, ಆಸ್ತಮಾ ರೋಗಿಗಳಲ್ಲಿಯೂ ಮಾತ್ರೆ ತಪ್ಪಿಸಿ ರೋಗ ಉಲ್ಬಣವಾಗುವ ಪ್ರಮಾಣ ಇದಕ್ಕೆ ಸಮೀಪವಾಗಿಯೇ ಇದೆ. ಆದರೆ ಬಿ.ಪಿ. ಏರಿದವರನ್ನು ಯಾರೂ ಮಾತು ತಪ್ಪಿದವರೆಂದು ನಿಂದಿಸುವುದಿಲ್ಲ.

ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಒಂದು ಬಾರಿಯ ಜಾರುವಿಕೆಯನ್ನೂ ಪೂರ್ಣ ಮರುಕಳಿಕೆಯನ್ನೂ ಬೇರೆ ಬೇರೆಯಾಗಿ ನೋಡಿದರು. ಮದುವೆಮನೆಯಲ್ಲಿ ಒಂದು ಲೋಟ ಕುಡಿದವನು ‘ಹೇಗೂ ಕೆಟ್ಟೆ, ಇನ್ನು ಬಿಟ್ಟೇನು ಪ್ರಯೋಜನ’ ಎಂದುಕೊಂಡಾಗ ಮೊದಲನೆಯದು ಎರಡನೆಯದಾಗಿ ಬದಲಾಗುತ್ತದೆ. ಮರುದಿನ ಬೆಳಿಗ್ಗೆಯೇ ಆಪ್ತಸಮಾಲೋಚಕರಿಗೆ ನಡೆದದ್ದನ್ನು ಹೇಳಿದರೆ ಬಹುಪಾಲು ಅಲ್ಲಿಗೆ ನಿಲ್ಲುತ್ತದೆ. ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕು ಸ್ಥಿತಿಗಳಲ್ಲಿ ತುಡಿತ ಹೆಚ್ಚು. ತುಡಿತ ಅಲೆಯಂತೆ ಏರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆಯನ್ನು ಕಳೆಯುವ ಉಪಾಯಗಳನ್ನು ಸಮಾಲೋಚನೆಯಲ್ಲಿ ಅಭ್ಯಾಸ ಮಾಡಿಸುತ್ತಾರೆ. ವಿಲಿಯಂ ಮಿಲ್ಲರ್ 1983ರಲ್ಲಿ ಪರಿಚಯಿಸಿದ ಪ್ರೇರಣಾತ್ಮಕ ಸಂದರ್ಶನ ಪದ್ಧತಿಯಲ್ಲಿ ಉಪದೇಶಕ್ಕೆ ಜಾಗವಿಲ್ಲ. ಕುಡಿತದ ಲಾಭನಷ್ಟಗಳನ್ನು ರೋಗಿಯ ಬಾಯಿಂದಲೇ ಹೇಳಿಸಿ, ಬದಲಾಗಬೇಕೆಂಬ ಅವನದೇ ಕಾರಣವನ್ನು ಹುಡುಕಿಸುತ್ತಾರೆ. ಆಣೆ ಹಾಕಿಸುವುದಕ್ಕಿಂತ ಇದು ನಿಧಾನ. ಆದರೆ ಬೇರೂರಿ ನಿಲ್ಲುವುದು ಇದೇ.

1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್‌ನಲ್ಲಿ ಬಿಲ್ ವಿಲ್ಸನ್ ಮತ್ತು ಬಾಬ್ ಸ್ಮಿತ್ ಎಂಬ ಇಬ್ಬರು ಮದ್ಯವ್ಯಸನಿಗಳು ಆರಂಭಿಸಿದ ಆಲ್ಕೋಹಾಲಿಕ್ಸ್ ಅನಾನಿಮಸ್ ಇನ್ನೊಂದು ಆಸರೆ. ಕುಡಿತ ಬಿಟ್ಟವರು, ಬಿಡಬೇಕೆಂದಿರುವವರು ಸೇರುವ ಈ ‘ಎ.ಎ.’ ಸಭೆಗಳಿಗೆ ಶುಲ್ಕವಿಲ್ಲ. ಕರ್ನಾಟಕದ ಹಲವು ಊರುಗಳಲ್ಲಿ ಕನ್ನಡದಲ್ಲಿಯೇ ಇವು ನಡೆಯುತ್ತವೆ. ‘ಇವತ್ತೊಂದು ದಿನ ಕುಡಿಯುವುದಿಲ್ಲ’ ಎಂಬ ಲೆಕ್ಕ ಅಲ್ಲಿಯದು. ತನ್ನಂತೆಯೇ ಬಿದ್ದು ಎದ್ದವನ ಮಾತಿಗಿರುವ ತೂಕ ವೈದ್ಯರ ಮಾತಿಗೂ ಬರುವುದಿಲ್ಲ.

ಮನೆಯವರ ಪಾಲು

ಒಬ್ಬರ ಕುಡಿತದಿಂದ ಮನೆಮಂದಿಯೆಲ್ಲ ಕಾಯಿಲೆ ಬೀಳುತ್ತಾರೆ. ಸಂಜೆ ಬಾಗಿಲಿನ ಸದ್ದಿಗೆ ಬೆಚ್ಚುವ ಮಕ್ಕಳು, ಸ್ವಸಹಾಯ ಸಂಘದ ಸಾಲವನ್ನು ಬಾರಿಗೆ ಕಳೆದುಕೊಂಡ ಹೆಂಗಸು, ಊರಿಗೆ ತಿಳಿಯದಂತೆ ಮುಚ್ಚಿಡುವ ತಾಯಿ ಇವರಿಗೂ ನೆರವು ಬೇಕು. 1992ರಿಂದೀಚೆಗೆ ದಕ್ಷಿಣದ ರಾಜ್ಯಗಳಲ್ಲಿ ನಡೆದ ಸಾರಾಯಿ ವಿರೋಧಿ ಹೋರಾಟಗಳ ಮುಂಚೂಣಿಯಲ್ಲಿ ಹೆಂಗಸರೇ ಇದ್ದದ್ದು ಇದೇ ಕಾರಣಕ್ಕೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಆ ಜಾಗವನ್ನು ಅಗ್ಗದ ವಿಸ್ಕಿ, ಬ್ರಾಂದಿಗಳ ಸಣ್ಣ ಪ್ಯಾಕೆಟ್‌ಗಳು ತುಂಬಿದವು. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಬಂದರು.

ಮನೆಯವರು ಮಾಡಬಹುದಾದದ್ದು ಸ್ವಲ್ಪವೇ ಆದರೂ ಅದರ ಬೆಲೆ ದೊಡ್ಡದು. ಕುಡಿದಿರುವಾಗ ವಾದಿಸದೆ, ಬೆಳಿಗ್ಗೆ ಎಚ್ಚರದಲ್ಲಿ ಮಾತನಾಡುವುದು. ಅವನ ಬಾರ್ ಸಾಲವನ್ನು ತೀರಿಸದಿರುವುದು. ಕೆಲಸದ ಜಾಗಕ್ಕೆ ಸುಳ್ಳು ಕಾರಣ ಹೇಳದಿರುವುದು. ಹೊಡೆತವನ್ನು ಸಹಿಸಿಕೊಳ್ಳುವುದು ಚಿಕಿತ್ಸೆಯ ಭಾಗವಲ್ಲ. ಕುಡಿಯುವ ಹೆಂಗಸರ ಪ್ರಮಾಣ 2019ರ ಸಮೀಕ್ಷೆಯಲ್ಲಿ ಶೇ 1.6 ಮಾತ್ರ, ಆದರೆ ನಾಚಿಕೆಯ ಹೊರೆ ಅವರಿಗೇ ಹೆಚ್ಚಾದ್ದರಿಂದ ಚಿಕಿತ್ಸೆಗೆ ಬರುವುದೂ ಅವರಿಗೇ ಕಷ್ಟ.

ಕರ್ನಾಟಕದಲ್ಲಿ ನೆರವು

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಅಲ್ಲಿಗೇ ಹೋಗಬೇಕೆಂದಿಲ್ಲ. ಮಾನಸಿಕ ಚಿಕಿತ್ಸೆಯನ್ನು ಜಿಲ್ಲೆಗಳಿಗೆ ಕೊಂಡೊಯ್ಯುವ ದೇಶದ ಮಾದರಿ 1980ರ ದಶಕದಲ್ಲಿ ರೂಪುಗೊಂಡದ್ದೇ ನಮ್ಮ ಬಳ್ಳಾರಿಯಲ್ಲಿ. ಇಂದು ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರಗಳಂದು ಮನೋವೈದ್ಯರು ಬರುವ ವ್ಯವಸ್ಥೆ ರೂಪುಗೊಂಡಿದೆ. ಧರ್ಮಸ್ಥಳದ ಆಶ್ರಯದಲ್ಲಿ ಊರೂರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳು ಇನ್ನೊಂದು ದಾರಿ. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಸೇರುತ್ತಾರೆ. ಶಿಬಿರದ ದಿನಗಳಿಗಿಂತ ಆ ಮುಂದಿನ ಸೇರುವಿಕೆಯೇ ಹೆಚ್ಚು ಬೆಲೆಯುಳ್ಳದ್ದು ಎನ್ನಬೇಕು.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಅಸ್ವಾಸ್ಥ್ಯದ ವ್ಯಾಖ್ಯೆಯಲ್ಲಿ ಸೇರಿಸಿದೆ. ಆದ್ದರಿಂದ ವ್ಯಸನಿಗೂ ಘನತೆಯ ಚಿಕಿತ್ಸೆಯ ಹಕ್ಕಿದೆ. ಸರಪಳಿ ಹಾಕಿ ಕಟ್ಟುವುದನ್ನು ಕಾಯ್ದೆ ನಿಷೇಧಿಸುತ್ತದೆ. ಹೊಡೆದು, ಕೂಡಿಹಾಕಿ ಕುಡಿತ ಬಿಡಿಸುವುದಾಗಿ ಹೇಳುವ ಜಾಗಕ್ಕೆ ಯಾರನ್ನೂ ಸೇರಿಸಬಾರದು. ಸೇರಿಸುವ ಮೊದಲು ಅದಕ್ಕೆ ನೋಂದಣಿ ಇದೆಯೇ, ವೈದ್ಯರು ಬರುತ್ತಾರೆಯೇ, ಮನೆಯವರಿಗೆ ಭೇಟಿಯ ಅವಕಾಶವಿದೆಯೇ ಎಂದು ಕೇಳಬೇಕು.

ಫೋನಿನಲ್ಲಿ ಮಾತನಾಡಲು 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ಕೆಲಸ ಮಾಡುತ್ತಿದೆ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲಿ ಅಲ್ಲಿ ಮಾತನಾಡಬಹುದು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಂಖ್ಯೆ 14446. ಕರೆ ಮಾಡುವವರು ಕುಡಿಯುವ ವ್ಯಕ್ತಿಯೇ ಆಗಿರಬೇಕೆಂದಿಲ್ಲ; ಅವರ ಹೆಂಡತಿ, ಮಗಳು, ಪಕ್ಕದ ಮನೆಯವರು ಯಾರು ಬೇಕಾದರೂ ಮಾಡಬಹುದು.